ಬೇಡಿ ತಂದ ಬಟ್ಟೆ

2004ರ ದೀಪಾವಳಿ ಮುಗಿದ ಮರುವಾರ, ಏಳು ತಿಂಗಳ ಬಸುರಿಯಾಗಿ ನಾನು ಬ್ಯಾಡಗಿಯ ತವರುಮನೆಗೆ ಬಂದಾಗ ನನಗೆ ಮಲಗಲು ಜಾಗವಿರಲಿಲ್ಲ. ಮಂಚವೇನೋ ಇತ್ತು. ಅದರ ಮೇಲೆ ಹಳೆ ಬಟ್ಟೆಯ ಗಂಟುಗಳು ಕೂತಿದ್ದವು. ಮಂಚದ ಕೆಳಗೆ ಎರಡು ಟ್ರಂಕು, ಬಾಗಿಲ ಹಿಂದೆ ಒಂದು, ಅಡುಗೆಮನೆಯ ಅಟ್ಟದ ಮೇಲೆ ಮೆಣಸಿನಕಾಯಿ ಚೀಲಗಳಲ್ಲಿ ತುಂಬಿಟ್ಟದ್ದು ಬೇರೆ. ಬಾಣಂತನಕ್ಕೆ ಬಂದ ಮಗಳಿಗೆ ಬೆನ್ನು ಚಾಚಲು ಜಾಗ ಇಲ್ಲವೆಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನನಗಂತೂ ಅದು ಮೂಗಿನ ತುದಿಯಲ್ಲೇ ಇರುತ್ತದೆ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಮಕ್ಕಳು ಏನು ಹೆಸರಿಟ್ಟಿದ್ದಾರೆಂದು ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

"ಇದನ್ನೆಲ್ಲ ಹೊಲಿ, ಇಲ್ಲಾಂದ್ರ ಹೊರಗ ಒಗಿ" ಎಂದೆ. ಅವ್ವ ಗಂಟುಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒಟ್ಟಿದಳು. ಹೊರಗೆ ಒಗೆಯಲಿಲ್ಲ, ಹೊಲಿಯುತ್ತೇನೆಂದೂ ಹೇಳಲಿಲ್ಲ.

ನನ್ನ ಅವ್ವ ಫಕ್ಕೀರವ್ವ ಕೌದಿ ಹೊಲಿಯುವುದರಲ್ಲಿ ನಮ್ಮ ಓಣಿಗೇ ದೊಡ್ಡ ಕೈ. ಹಳೆ ಸೀರೆ, ಹಳೆ ಧೋತರ, ಹರಿದ ಅಂಗಿಯ ಬೆನ್ನು, ಏನೇ ಇರಲಿ, ಅದನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಮೂಲೆಯಿಂದ ಸೂಜಿ ಹಿಡಿದರೆ ಸುತ್ತಲೂ ಸಾಲು ಹೊಲಿಯುತ್ತಾ ನಡುವಿಗೆ ಬಂದು ನಿಲ್ಲುತ್ತಿದ್ದಳು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಬೆರಳಿನಷ್ಟೇ ಅಂತರ, ಎಲ್ಲಿ ಅಳೆದರೂ ಅಷ್ಟೇ. ನಾನು ಸ್ಕೇಲು ಹಿಡಿದು ಗೆರೆ ಎಳೆದರೂ ಅಷ್ಟು ನೇರ ಬರುವುದಿಲ್ಲ. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ತೂಕ ಹಾಕುವ ನನ್ನಪ್ಪ ಅಜ್ಜಪ್ಪ ದಿನವಿಡೀ ಘಾಟಿಗೆ ಸೀನಿ ಸೀನಿ ಮನೆಗೆ ಬಂದರೆ, ಇವಳು ಜಗುಲಿಯ ಮೇಲೆ ಕೌದಿ ಹರವಿಕೊಂಡು ಕೂತಿರುತ್ತಿದ್ದಳು. ಓಣಿಯಲ್ಲಿ ಹುಟ್ಟಿದ ಎಷ್ಟೋ ಕೂಸುಗಳು ಅವಳು ಹೊಲಿದ ಕೌದಿಯಲ್ಲೇ ಉಚ್ಚೆ ಹೊಯ್ದು ದೊಡ್ಡವಾಗಿವೆ.

ಅದು 2002ರ ತನಕದ ಮಾತು. ನನ್ನ ಮೊದಲ ಬಸಿರು ಐದನೇ ತಿಂಗಳಿಗೇ ಹೋಗಿತ್ತು. ಎರಡನೆಯದು ತಿಂಗಳು ತುಂಬಿತು. ಅವ್ವನ ಸಂಭ್ರಮ ಏನು ಹೇಳಲಿ, ನಾನು ಹೆರಿಗೆಗೆ ಬರುವ ಹದಿನೈದು ದಿನ ಮೊದಲೇ ಒಂದು ಪುಟ್ಟ ಕೌದಿ ಹೊಲಿದು ಇಟ್ಟಿದ್ದಳು. ಹಳದಿ ಅಂಚು, ನಡುವೆ ಕೆಂಪು ತುಂಡುಗಳ ಗೋಪುರ, ನಾಲ್ಕು ಮೂಲೆಗೂ ಮಡಚಿ ಕೂರಿಸಿದ ಬಟ್ಟೆಯ ಹೂವು. ಹುಟ್ಟುವ ಮೊದಲೇ ಕೂಸಿಗೆ ಏನನ್ನೂ ಸಿದ್ಧ ಮಾಡಿಡಬಾರದೆಂದು ಹಿರಿಯರು ಅಂದರೆ, ಅದೆಲ್ಲ ಹಳೆ ಕಾಲದ ಮಾತು ಎಂದು ನಾನೇ ಅವಳ ಪರ ನಿಂತಿದ್ದೆ. ಹೆಣ್ಣು ಕೂಸು ಹುಟ್ಟಿತು. ಎರಡು ದಿನ ಇತ್ತು. ಆ ಕೌದಿಯಲ್ಲೇ ಸುತ್ತಿ ಮಣ್ಣು ಮಾಡಿದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಅವ್ವ ಹೋಗಿದ್ದಳು, ಹಳದಿ ಅಂಚಿನ ಮೇಲೆ ಮಣ್ಣು ಬೀಳುವುದನ್ನು ನೋಡಿದವಳು ಅವಳು.

ಅಂದಿನಿಂದ ಅವಳು ಸೂಜಿ ಹಿಡಿಯಲಿಲ್ಲ. ಆದರೆ ಬಟ್ಟೆ ಕೂಡಿಸುವುದನ್ನು ಶುರುಮಾಡಿದಳು. ಮೊದಲು ಯಾರಿಗೂ ಗೊತ್ತಾಗಲಿಲ್ಲ. ರಾಣೆಬೆನ್ನೂರಿಗೆ ನನ್ನ ಮನೆಗೆ ಬಂದಾಗಲೆಲ್ಲ ಪೇಟೆಯ ದರ್ಜಿಗಳ ಅಂಗಡಿ ಸುತ್ತಿ ಚಿಂದಿ ಕೇಳಿ ತರುತ್ತಿದ್ದಳು. ಬೀಜದ ಅಂಗಡಿ ಇಟ್ಟಿರುವ ನನ್ನ ಗಂಡ ಚೇತನಕುಮಾರನಿಗೆ ಅದರಿಂದ ಮುಜುಗರ. ಅತ್ತೆ ಕೈಚೀಲ ಹಿಡಿದು ದರ್ಜಿಯ ಕಾಲಬುಡದಲ್ಲಿ ತುಂಡು ಆರಿಸುವುದನ್ನು ಗಿರಾಕಿಗಳು ನೋಡಿದರೆ ಏನಂದಾರು ಎಂದು ಅವನ ಚಿಂತೆ. ಬಟ್ಟೆಯ ಜೊತೆ ದಾರದ ಉಂಡೆಗಳು ಬಂದವು, ಪೌಡರ್ ಡಬ್ಬಿಯ ತುಂಬ ಸೂಜಿಗಳು ಬಂದವು, ಒಂದು ಕತ್ತರಿ ಇದ್ದಲ್ಲಿ ನಾಲ್ಕು ಕತ್ತರಿ ಬಂದವು. ಎಲ್ಲವನ್ನೂ ಒಗೆದು, ಒಣಗಿಸಿ, ಬಣ್ಣಕ್ಕೆ ಬಣ್ಣ ಸೇರಿಸಿ ಮಡಚಿ ಇಡುವಳು. ವಾರಕ್ಕೊಮ್ಮೆ ಬಿಚ್ಚಿ ನೆಲದ ಮೇಲೆ ಹಾಸಿ ಜೋಡಿಸುವಳು. ಇಲ್ಲಿ ನೀಲಿ, ಅಲ್ಲಿ ಬಿಳಿ. ನೋಡಿದವರಿಗೆ ಇನ್ನೇನು ಸೂಜಿ ಹಿಡಿದಳು ಅನ್ನಿಸಬೇಕು, ಅಷ್ಟರಲ್ಲಿ ಎಲ್ಲವನ್ನೂ ಬಳಿದು ಮತ್ತೆ ಟ್ರಂಕಿಗೆ ಹಾಕುವಳು. ನಿಮ್ಮವ್ವ ಜವಳಿ ಅಂಗಡಿ ತೆರೆದಿದ್ದಾಳೆ, ವ್ಯಾಪಾರ ಮಾತ್ರ ಮಾಡುವುದಿಲ್ಲ ಎಂದು ಅಪ್ಪ ನಗೆಯಾಡುತ್ತಿದ್ದ. ಅವನ ನಗೆಯಲ್ಲಿ ಎಂದಿನ ಗೆಲುವು ಇರಲಿಲ್ಲ, ನಾನು ಅದನ್ನು ಗಮನಿಸಲಿಲ್ಲ.

ನಾನು ಮೂರನೇ ಸಲ ಬಸುರಿಯಾದ ಸುದ್ದಿ ತಿಳಿದ ಮೇಲೆ ಈ ಕೂಡಿಸುವ ಹುಚ್ಚು ಬೇರೆ ದಾರಿ ಹಿಡಿಯಿತು. ನಮ್ಮ ಕಡೆ ಒಂದು ರೂಢಿ ಇದೆ. ಕೂಸುಗಳು ನಿಲ್ಲದ ಮನೆಯಲ್ಲಿ ಕೂಸು ಹುಟ್ಟಿದರೆ ಅದಕ್ಕೆ ಹೊಸ ಬಟ್ಟೆ ತೊಡಿಸುವುದಿಲ್ಲ. ಹೆತ್ತ ಮಕ್ಕಳೆಲ್ಲ ಉಳಿದ ತಾಯಂದಿರ ಮನೆಗೆ ಹೋಗಿ, ಅವರು ಉಟ್ಟು ಬಿಟ್ಟ ಬಟ್ಟೆಯನ್ನು ಬಾಯಿಬಿಟ್ಟು ಬೇಡಿ ತಂದು, ಅದರಲ್ಲಿ ಕೌದಿ ಹೊಲಿದು ಹೊದಿಸುತ್ತಾರೆ. ಇದು ನಮ್ಮದಲ್ಲ, ಊರವರ ಕೂಸು ಎಂದು ತಿಳಿದು ಸಾವು ಮುಂದಿನ ಮನೆಗೆ ಹೋಗಲಿ ಎಂದು. ಮುಂದಿನ ಮನೆಯವರು ಏನು ಪಾಪ ಮಾಡಿದ್ದಾರೆ ಎಂದು ನಾನು ಕೇಳಿದರೆ ಅವ್ವ ನನ್ನ ಬಾಯಿ ಮುಚ್ಚಿದಳು.

ರೂಢಿಯ ಪ್ರಕಾರ ಐದು ಮನೆ ಸಾಕು. ಅವ್ವ ಐದಕ್ಕೆ ನಿಲ್ಲಲಿಲ್ಲ. ಹನ್ನೊಂದಾಯಿತು, ಇಪ್ಪತ್ತೊಂದಾಯಿತು. ಬ್ಯಾಡಗಿ ಮುಗಿಸಿ ಸುತ್ತಲಿನ ಹಳ್ಳಿಗಳಿಗೆ ಟೆಂಪೋ ಹತ್ತಿದಳು. ಯಾರದೋ ಮನೆಯ ಹೊಸ್ತಿಲಲ್ಲಿ ನಿಂತು, ನೀವು ಹೆತ್ತವರಲ್ಲಿ ಯಾವುದಾದರೂ ತೀರಿಕೊಂಡಿದೆಯೇ ಎಂದು ಕೇಳುವುದೆಂದರೆ ಏನು ಸಾಮಾನ್ಯ ಮಾತೇ. ಎಷ್ಟೋ ಮನೆಯವರು ಮುಖ ಗಂಟಿಕ್ಕಿದರು. ಒಬ್ಬಾಕೆ ಬಾಗಿಲು ಹಾಕಿಕೊಂಡಳಂತೆ. ಅವ್ವ ಒಬ್ಬರು ಹೇಳಿದ್ದನ್ನು ನಂಬುವವಳೂ ಅಲ್ಲ, ಪಕ್ಕದ ಮನೆಯಲ್ಲಿ ವಿಚಾರಿಸುವಳು. ಒಂದು ಅನುಮಾನ ಬಂದರೆ ಆ ಬಟ್ಟೆ ಬೇರೆ ಚೀಲಕ್ಕೆ.

ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ನಾನು ಇಂಥದ್ದನ್ನು ನಂಬುವವಳಲ್ಲ ಎಂದು ಹೇಳಿಕೊಂಡು ತಿರುಗುವವಳು. ಆದರೆ ಹೊಟ್ಟೆಯಲ್ಲಿ ಕೂಸು ಒಂದು ತಾಸು ಅಲುಗದಿದ್ದರೆ ನನ್ನ ಕೈ ಹೊಟ್ಟೆಗೆ ಹೋಗುತ್ತಿತ್ತು. ಬಲಗಡೆ ಒತ್ತುವೆ, ಎಡಗಡೆ ಒತ್ತುವೆ, ಬೆಲ್ಲ ತಿನ್ನುವೆ, ಮತ್ತೆ ಒತ್ತುವೆ. ಅಷ್ಟು ಹೊತ್ತಿಗೆ ಅವ್ವ ತನ್ನ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿರುತ್ತಿದ್ದಳು. ಕೂಸು ಒದೆಯಿತೆಂದು ನಾನು ತಲೆಯಾಡಿಸಿದರೆ ಮಾತ್ರ ಒಳಗೆ ಹೋಗುವಳು. ಹೀಗೆ ಇಬ್ಬರೂ ದಿನಗಳನ್ನು ದೂಡುತ್ತಿದ್ದೆವು.

ಪಕ್ಕದ ಮನೆಯ ಶರೀಫಾಬಿ ಕೂಲಿಗೆ ಕೌದಿ ಹೊಲಿಯುವವಳು, ಅವ್ವನ ಮೂವತ್ತು ವರ್ಷದ ಗೆಳತಿ. ಒಂದು ಮಧ್ಯಾಹ್ನ ಅವಳು ಬಂದು ಹಾಸಿದ್ದ ತುಂಡುಗಳನ್ನು ನೋಡಿ, ಇನ್ನೇನು ಬೇಕು, ಹೊಲಿಯಲು ಕೂತುಕೊಳ್ಳೋಣ ಎಂದಳು. ಹುಟ್ಟುವ ಮೊದಲು ಹೊಲಿಯಬಾರದೆಂದು ಅವ್ವ ನೆಪ ತೆಗೆದಳು. ಶರೀಫಾಬಿ ಅಷ್ಟಕ್ಕೆ ಬಿಡುವವಳಲ್ಲ.

"ಒಂದು ಮೂಲಿ ಹೊಲಿಯದ ಹಂಗ ಬಿಡ್ರಿ ಅಕ್ಕಾರ, ಕೂಸು ಬಂದಮ್ಯಾಲೆ ಮುಚ್ಚೀರಂತ. ಅಲ್ಲೀತನಕ ಅದು ಕೌದಿ ಅಲ್ಲ, ಬರೀ ಬಟ್ಟಿ."

ಅವ್ವ ಆಗಲಿ ಎಂದಳು. ಸೂಜಿಯ ಡಬ್ಬಿ ತೆಗೆದಳು. ಕದರಮಂಡಲಗಿಯಿಂದ ಇನ್ನೊಂದು ಬಟ್ಟೆ ಬರುವುದಿದೆ, ಅದು ಬಂದಮೇಲೆ ಕೂರುತ್ತೇನೆ ಎಂದು ಡಬ್ಬಿ ಮುಚ್ಚಿದಳು.

ಕದರಮಂಡಲಗಿಗೆ ಅವಳು ಶನಿವಾರ ಹನುಮಪ್ಪನ ಗುಡಿಗೆ ಹೋಗುತ್ತಿದ್ದಳು. ಅಲ್ಲಿ ಬಳೆ ಮಾರುವ ಮಕ್ತುಮಬಿ ಎಂಬಾಕೆಗೆ ಏಳು ಮಕ್ಕಳು, ಏಳೂ ಕಲ್ಲುಗುಂಡಿನಂತಿವೆ ಎಂದು ಕೇಳಿ ಬಂದಿದ್ದಳು. ಆಕೆ ಒಂದು ಹಸಿರು ವಾಯಿಲ್ ಸೀರೆ ಕೊಟ್ಟಳು. ನೂರಾರು ಸಲ ಒಗೆದು ಒಗೆದು ಬೆಣ್ಣೆಯಾದ ಸೀರೆ. ಅವ್ವ ಎರಡು ದಿನ ಅದನ್ನು ಕೆನ್ನೆಗೆ ಒತ್ತಿಕೊಂಡು ತಿರುಗಿದಳು. ಮೂರನೇ ದಿನ ಶರೀಫಾಬಿಯ ಬಾಯಿಂದ, ಆಕೆ ಹೆತ್ತದ್ದು ಏಳಲ್ಲ ಎಂಟು, ಮೊದಲನೆಯದು ತೊಟ್ಟಿಲಲ್ಲೇ ಹೋಯಿತು ಎಂದು ತಿಳಿಯಿತು. ಅವ್ವನ ಮುಖ ಬಿಳಿಚಿಕೊಂಡಿತು. ಸೀರೆಯನ್ನು ಕೋಲಿನಿಂದ ಎತ್ತಿ ಚೀಲಕ್ಕೆ ಹಾಕಿ, ಈಗಲೇ ವಾಪಸು ಕೊಟ್ಟು ಬರುತ್ತೇನೆ ಎಂದು ಹೊರಟಳು. ಅವಳನ್ನು ಒಬ್ಬಳೇ ಕಳಿಸಲು ಮನಸ್ಸು ಬಾರದೆ ನಾನೂ ಹೊಟ್ಟೆ ಹೊತ್ತುಕೊಂಡು ಆಟೋ ಹತ್ತಿದೆ.

ಮಕ್ತುಮಬಿ ಅಂಗಳದಲ್ಲಿ ಕೂತು ಬಳೆಗಳನ್ನು ಗಾತ್ರಕ್ಕೆ ತಕ್ಕಂತೆ ದಾರಕ್ಕೆ ಪೋಣಿಸುತ್ತಿದ್ದಳು. ಅವ್ವ ಚೀಲವನ್ನು ಅವಳ ಮುಂದೆ ಇಟ್ಟು, ನೀವು ಖರೇ ಹೇಳಬೇಕಿತ್ತು ಎಂದಳು. ಆಕೆ ಸಿಟ್ಟಾಗಲಿಲ್ಲ. ಸೀರೆ ತೆಗೆದು ತೊಡೆಯ ಮೇಲೆ ಹರವಿ ಸುಕ್ಕು ತೀಡಿದಳು. ಆಮೇಲೆ ನನ್ನ ಹೊಟ್ಟೆ ನೋಡಿ, ಅವ್ವನ ಮುಖ ನೋಡಿ ನಿಧಾನವಾಗಿ ಕೇಳಿದಳು.

"ಕೂಸು ಕಳಕೊಂಡಾಕಿ ಕೈಯಾಗಿನ ಬಟ್ಟಿ ಬ್ಯಾಡಂದ್ರ, ನಿಮ್ಮ ಮಗಳು ನಾಳೆ ತನ್ನ ಕೂಸನ್ನ ಯಾವ ಕೈಲೆ ಎತ್ತಿಗೋಬೇಕ್ರಿ?"

ಎರಡು ಕಳೆದುಕೊಂಡವಳು ನಾನು. ಅವ್ವನ ಲೆಕ್ಕದಲ್ಲಿ ಮುಟ್ಟಬಾರದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ, ಅದು ನನಗೆ ಆ ತನಕ ಹೊಳೆದೇ ಇರಲಿಲ್ಲ. ಅವ್ವ ಏನಾದರೂ ಅನ್ನುತ್ತಾಳೆ, ನನ್ನ ಮಗಳ ಮಾತು ಬೇರೆ ಅನ್ನುತ್ತಾಳೆ ಎಂದು ಕಾದೆ. ಅವಳು ಅನ್ನಲಿಲ್ಲ. ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ಹೊರಗೆ ನೋಡುತ್ತಾ ಕೂತಿದ್ದಳು. ನಾನು ಮನೆಗೆ ಬಂದು ಊಟ ಮಾಡದೆ ಮಲಗಿದೆ.

ಮರುದಿನ ಅವಳು ಗುಡಿಗೆ ಹೋದ ಹೊತ್ತು ನೋಡಿ ಒಂದು ಕತ್ತರಿ ತೆಗೆದುಕೊಂಡೆ. ಇದಕ್ಕೊಂದು ಕೊನೆ ಹಾಕಬೇಕು, ನಾನೇ ಹೊಲಿಯುತ್ತೇನೆ, ಕೆಟ್ಟರೆ ಕೆಡಲಿ ಎಂದು ಹಠ. ಬಿಳಿ ಧೋತರವೊಂದನ್ನು ಮಡಚಿ ಎರಡು ಚೌಕ ಕತ್ತರಿಸಿದ್ದೆ, ಅಷ್ಟರಲ್ಲಿ ಅವ್ವ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನಾನೂ ಎದುರಾಡುತ್ತಿದ್ದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದು ಕೂತಳು. ಹಾವು ಕಂಡವರ ಮುಖವನ್ನು ನಾನು ನೋಡಿದ್ದೇನೆ, ಇದು ಅದಕ್ಕಿಂತ ಕೆಟ್ಟದ್ದಾಗಿತ್ತು. ನಾನು ಕತ್ತರಿ ಕೆಳಗಿಟ್ಟೆ. ಅವಳ ಹೆದರಿಕೆ ನನಗೆ ಹತ್ತಿದ್ದು ಆ ಗಳಿಗೆಯಲ್ಲಿ. ಅದಾದ ಮೇಲೆ ನಾನೂ ಆ ಟ್ರಂಕುಗಳ ಸುದ್ದಿಗೆ ಹೋಗಲಿಲ್ಲ. ಕೂಸು ಬರುವ ತನಕ ಏನೂ ಮುಟ್ಟಬಾರದು, ಜೋರಾಗಿ ಉಸಿರಾಡಲೂಬಾರದು ಎಂಬಂತೆ ಇದ್ದುಬಿಟ್ಟೆ. ನಾಲ್ಕು ಕ್ಲಾಸಿನ ಮಕ್ಕಳಿಗೆ ಪ್ರಮೇಯ ಸಾಧಿಸಿ ತೋರಿಸುವವಳ ಹಣೆಬರಹ ನೋಡಿ.

ಡಿಸೆಂಬರ್ ಮೂರನೇ ವಾರ, ಎಂಟನೇ ತಿಂಗಳು ನಡೆಯುತ್ತಿರುವಾಗಲೇ ಬೆಳಗಿನ ಹತ್ತು ಗಂಟೆಗೆ ನನಗೆ ನೋವು ಕಾಣಿಸಿಕೊಂಡಿತು. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಅದನ್ನು ಆವತ್ತು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರ ಮುಖದ ಮೇಲೂ ಇತ್ತು. ಹಾವೇರಿಯ ದವಾಖಾನೆಗೆ ಕರೆದೊಯ್ದರು. ಮಧ್ಯಾಹ್ನ ಮೂರಕ್ಕೆ ಗಂಡು ಕೂಸು ಹುಟ್ಟಿತು. ಒಂದು ಕಿಲೋ ಆರುನೂರು ಗ್ರಾಂ. ಅಂಗೈಯಷ್ಟು ಬೆನ್ನು, ಅದರ ಮೇಲೆ ಬೂದು ಬಣ್ಣದ ಸಣ್ಣ ರೋಮ. ಅತ್ತದ್ದು ಕೇಳಿಸಲೂ ಇಲ್ಲ.

ಎರಡು ದಿನ ಕಾವು ಕೊಡುವ ದೀಪದ ಕೆಳಗೆ ಇಟ್ಟಿದ್ದರು. ಮೂರನೇ ದಿನ ಡಾಕ್ಟರಮ್ಮ ಬಂದು, ಇನ್ನು ತಾಯಿಯ ಮೈಕಾವೇ ಇದಕ್ಕೆ ಔಷಧ, ಎದೆಗೆ ಅವಚಿಕೊಂಡೇ ಇರಬೇಕು, ಮೇಲಿನಿಂದ ಮೆತ್ತನೆಯ ಹಳೆ ಹತ್ತಿಬಟ್ಟೆ ದಪ್ಪಗೆ ಹೊದಿಸಬೇಕು ಎಂದು ಹೇಳಿದರು. ಇಂಥ ಎಳೆಯ ಕೂಸುಗಳು ಒಮ್ಮೊಮ್ಮೆ ಉಸಿರಾಡುವುದನ್ನು ಮರೆಯುತ್ತವೆ, ಕಣ್ಣಿಟ್ಟಿರಿ ಎಂದೂ ಹೇಳಿದರು. ಉಸಿರಾಡುವುದನ್ನು ಮರೆಯುವುದೆಂದರೆ ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಚಳಿ ಜೋರಾಗಿತ್ತು. ದವಾಖಾನೆಯ ರಗ್ಗು ಚುಚ್ಚುತ್ತಿತ್ತು. ಹಳೆ ಬಟ್ಟೆ ತಾ ಎಂದು ಗಂಡನಿಗೆ ಹೇಳಿದರೆ, ಯಾವುದನ್ನು ತರಬೇಕೆಂದು ತಿಳಿಯದೆ ಅವನು ಬೀಜದ ಚೀಲ ಸಾಗಿಸುವ ಟೆಂಪೋದಲ್ಲಿ ಬ್ಯಾಡಗಿಯಿಂದ ಇಡೀ ಟ್ರಂಕನ್ನೇ ಹೇರಿಕೊಂಡು ಬಂದ. ಇಬ್ಬರು ಸೇರಿ ಅದನ್ನು ನನ್ನ ಮಂಚದ ಪಕ್ಕದಲ್ಲಿ ಇಳಿಸಿದರು.

ಎರಡು ವರ್ಷ ಕೂಡಿಸಿದ ಬಟ್ಟೆ ಆ ಟ್ರಂಕಿನಲ್ಲಿತ್ತು. ಒಂದು ಕೈಯಗಲ ಕೌದಿಯಿರಲಿಲ್ಲ. ನನಗೆ ಅವ್ವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳು ಮೂರು ದಿನದಿಂದ ಕೂಸನ್ನು ಮುಟ್ಟಿರಲಿಲ್ಲ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ದೂರದಿಂದಲೇ ನೋಡುತ್ತಿದ್ದಳು. ಸಣ್ಣ ಕೂಸೆಂದು ಅಂಜುತ್ತಾಳೆ ಎಂದು ನಾನು ಸುಮ್ಮನಿದ್ದೆ. ಈಗ ಟ್ರಂಕು ಬಂದರೂ ಕೀಲಿ ತೆಗೆಯಲಿಲ್ಲ, ಸೆರಗಿನ ಗಂಟಿನಲ್ಲಿದ್ದ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಳು. ಕೂಸಿನ ಪಾದ ನನ್ನ ಹೊಟ್ಟೆಗೆ ಮಂಜುಗಡ್ಡೆಯ ಹಾಗೆ ತಾಗುತ್ತಿತ್ತು. ಯಾವುದಾದರೂ ಒಂದು ಕೊಡು, ಕಣ್ಣು ಮುಚ್ಚಿಕೊಂಡು ಕೊಡು ಎಂದು ನಾನು ಕಿರುಚಿದೆ. ಪಕ್ಕದ ಮಂಚದವರು ತಿರುಗಿ ನೋಡಿದರು.

ಅವ್ವ ಹತ್ತಿರ ಬಂದು ಮಂಚದ ಕಾಲಿಗೆ ಆತು ನೆಲದ ಮೇಲೆ ಕೂತಳು. ನನ್ನ ಮುಖ ನೋಡದೆ ಹೇಳಿದಳು.

"ನಿನಗಿಂತ ಮೊದಲ ನನಗ ಒಂದು ಗಂಡು ಆಗಿತ್ತು, ಸುಧಾ. ಹನ್ನೊಂದು ದಿನ ಇತ್ತು. ನಿನ್ನ ಹೆಣ್ಣುಕೂಸಿಗೆ ಕೌದಿ ಹೊಲಿಯೋಮುಂದ ನನಗದು ನೆನಪಿತ್ತು. ನೆನಪಿದ್ದೂ ಹೊಲಿದೆ. ಆಸೆ ಆತು ನನಗ."

ಇಪ್ಪತ್ತೆಂಟು ವರ್ಷ ಅವಳ ಹೊಟ್ಟೆಯ ಮಗಳಾಗಿ ನನಗೆ ಒಬ್ಬ ಅಣ್ಣ ಇದ್ದನೆಂದು ಗೊತ್ತಿರಲಿಲ್ಲ. ಅಪ್ಪನೂ ಹೇಳಿರಲಿಲ್ಲ, ಓಣಿಯವರೂ ಹೇಳಿರಲಿಲ್ಲ. ಊರೂರು ತಿರುಗಿ ಹೊಸ್ತಿಲಲ್ಲಿ ನಿಂತು ಹೆಂಗಸರನ್ನು ಕೇಳುತ್ತಿದ್ದ ಪ್ರಶ್ನೆಗೆ ಇವಳದೇ ಉತ್ತರ ಇದಾಗಿತ್ತು. ಎರಡು ವರ್ಷದಿಂದ ತನ್ನ ಕೈಯೇ ನನ್ನ ಮಗಳನ್ನು ಕೊಂದಿತೆಂದು ನಂಬಿಕೊಂಡು, ಆ ಕೈಯಿಂದ ಬಟ್ಟೆ ಆರಿಸುವಳು, ಒಗೆಯುವಳು, ಮಡಚುವಳು, ಸೂಜಿ ಮಾತ್ರ ಹಿಡಿಯಳು. ಕೂಡಿಸುತ್ತಿರುವ ತನಕ ಯಾರೂ ಸಾಯುವುದಿಲ್ಲ. ಹೊಲಿದು ಮುಗಿಸಿದರೆ ತಾನೇ ಭಯ.

ನನಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಎದೆಯ ಮೇಲೆ ಕೂಸಿಲ್ಲದಿದ್ದರೆ ಎದ್ದು ಅವಳ ಹೆಗಲು ಹಿಡಿದು ಅಲುಗಿಸುತ್ತಿದ್ದೆನೋ ಏನೋ. ನಾನು ಕೇಳಿದ್ದು ಒಂದೇ ಮಾತು.

"ನನ್ನ ಯಾವದರಾಗ ಮಲಗಿಸಿದ್ದಿ?"

ಅವಳು ತಲೆ ಎತ್ತಿದಳು. ತನ್ನ ಸೀರೆಯಲ್ಲಿ ಹೊಲಿದ ಕೌದಿಯಲ್ಲಿ ಎಂದಳು. ಯಾರು ಹೊಲಿದದ್ದು ಎಂದೆ. ತಾನೇ ಎಂದಳು. ಅಣ್ಣ ಹೋದ ಮೇಲೋ ಮೊದಲೋ ಎಂದೆ. ಹೋದ ಮೇಲೆ ಎಂದಳು. ಹಾಗಾದರೆ ನಾನು ಸತ್ತೆನೇ ಎಂದು ಕೇಳಿದೆ. ಗಣಿತದಲ್ಲಿ ಒಂದು ನಿಯಮವನ್ನು ಸುಳ್ಳೆಂದು ತೋರಿಸಲು ನೂರು ಉದಾಹರಣೆ ಬೇಕಿಲ್ಲ, ಒಂದು ಸಾಕು. ಆ ಒಂದು ಅವಳ ಮುಂದೆಯೇ ಮಲಗಿ ಬೈಯುತ್ತಿತ್ತು. ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು, ಮೊದಲ ಸಲ ನೋಡಿದಂತೆ. ಹೆದರಿಕೆ ಹೋಗಲಿಲ್ಲ, ಅದು ಹೋಗುವಂಥದ್ದಲ್ಲ. ಆದರೆ ಕೀಲಿಕೈ ಟ್ರಂಕಿನ ಕಡೆಗೆ ಹೋಯಿತು.

ಕತ್ತರಿ ಇರಲಿಲ್ಲ. ಕೈಯಿಂದಲೇ ಹರಿದಳು. ಬಟ್ಟೆ ಪರ್ ಎಂದು ಹರಿದಾಗ ಅವಳೂ ಬೆಚ್ಚಿದಳು, ನಾನೂ ಬೆಚ್ಚಿದೆ. ಯಾವ ಮನೆಯದು, ಯಾರು ಕೊಟ್ಟದ್ದು ಎಂದು ನೋಡಲಿಲ್ಲ, ಬಣ್ಣ ನೋಡಲಿಲ್ಲ. ಮೇಲೆ ಸಿಕ್ಕಿದ್ದನ್ನೆಲ್ಲ ಐದು ಪದರು ಹಾಸಿದಳು. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ. ಕೆಳಗಿನ ಅಂಗಡಿಯಿಂದ ನನ್ನ ಗಂಡ ಸೂಜಿದಾರ ತಂದುಕೊಟ್ಟ. ಮೂಲೆಯಿಂದ ಶುರುಮಾಡಿದಳು. ಆ ದಿನ ಸಂಜೆಯ ತನಕ ನಾಲ್ಕು ಸುತ್ತು, ಮರುದಿನ ಬೆಳಗಿನಿಂದ ಮತ್ತೆ. ಎರಡು ವರ್ಷ ಬಿಟ್ಟಿದ್ದ ಕೈ, ಸಾಲುಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಅರ್ಧ ಹೊಲಿದ ಕೌದಿಯನ್ನು ನಮ್ಮಿಬ್ಬರ ಮೇಲೆ ಹೊದಿಸುವಳು, ಕೂಸು ಬೆಚ್ಚಗಾದ ಮೇಲೆ ಒಂದು ಸೀರೆ ಹೊದಿಸಿ ಕೌದಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋಗುವಳು. ಕೂಸಿನ ಪಾದಕ್ಕೆ ಬಿಸಿ ಬಂತು. ನಾನು ಸ್ವಲ್ಪ ಧೈರ್ಯ ತಂದುಕೊಂಡೆ.

ಐದನೇ ದಿನ ಮಧ್ಯಾಹ್ನ, ನಡುವೆ ಒಂದು ಗೇಣು ಮಾತ್ರ ಹೊಲಿಯುವುದು ಬಾಕಿಯಿತ್ತು. ನನ್ನ ಎದೆಯ ಮೇಲೆ ಕೂಸು ಭಾರವಾದಂತೆ ಅನ್ನಿಸಿತು. ಬೆನ್ನ ಮೇಲೆ ಕೈಯಿಟ್ಟೆ. ಬೆನ್ನು ಏಳಲಿಲ್ಲ. ಕಾದೆ. ಏಳಲಿಲ್ಲ. ಮುಖ ತಿರುಗಿಸಿ ನೋಡಿದರೆ ತುಟಿ ನೀಲಿ. ನನ್ನ ಬಾಯಿಂದ ಏನು ದನಿ ಬಂತೋ ಗೊತ್ತಿಲ್ಲ, ನರ್ಸ್ ಓಡಿ ಬಂದಳು. ಕೂಸನ್ನು ಕಸಿದುಕೊಂಡು ಅಂಗಾಲಿಗೆ ಬೆರಳಿನಿಂದ ಚಿಟಿಕೆ ಹೊಡೆದಳು, ಬೆನ್ನು ತಿಕ್ಕಿದಳು, ಮತ್ತೆ ಹೊಡೆದಳು. ಎಷ್ಟು ಹೊತ್ತು ಎಂದು ನನಗೆ ಹೇಳಲು ಬರುವುದಿಲ್ಲ. ಆಮೇಲೆ ಬೆಕ್ಕಿನ ಮರಿಯಂತೆ ಒಂದು ದನಿ ಬಂತು. ತುಟಿ ಕೆಂಪಾಯಿತು. ಡಾಕ್ಟರಮ್ಮ ಬಂದು ನೋಡಿ, ಹೀಗೆ ಆಗುತ್ತದೆ, ಇನ್ನೂ ಆಗಬಹುದು, ಎದೆಗೇ ಇಟ್ಟುಕೊಳ್ಳಿ, ಬೆನ್ನ ಮೇಲೆ ಸದಾ ಒಂದು ಕೈ ಇರಲಿ ಎಂದರು.

ಆಗ ನನಗೆ ಅವ್ವನ ನೆನಪಾಯಿತು. ಅವಳು ಕಿಟಕಿಯ ಹತ್ತಿರ ಹಾಗೆಯೇ ನಿಂತಿದ್ದಳು, ಕೌದಿ ಕಾಲ ಮೇಲೆ ಬಿದ್ದಿತ್ತು, ಸೂಜಿ ದಾರದಲ್ಲಿ ಜೋತಾಡುತ್ತಿತ್ತು. ಅವಳ ಮುಖ ನೋಡಿ, ಇದು ಮುಗಿಯಿತು, ಇನ್ನು ಈ ಜನ್ಮದಲ್ಲಿ ಇವಳು ಸೂಜಿ ಹಿಡಿಯುವುದಿಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹಿಡಿಯದಿದ್ದರೇ ಒಳ್ಳೆಯದು ಎಂದು ನನ್ನ ಮನಸ್ಸೂ ಹೇಳುತ್ತಿತ್ತು. ಇನ್ನೊಂದು ಗೇಣು ಹೊಲಿದರೆ ಮುಗಿಯುತ್ತದೆ. ಮುಗಿದರೆ ಏನಾಗುತ್ತದೋ. ಆ ಒಂದು ಉದಾಹರಣೆ ತೋರಿಸಿ ವಾದ ಗೆದ್ದವಳು ನಾನೇ, ಆದರೂ ಅದನ್ನು ಅಲ್ಲಿಗೇ ಬಿಟ್ಟುಬಿಡು ಎಂದು ಹೇಳಲು ಬಾಯಿ ತೆರೆದೆ.

ಅವಳು ಕೌದಿ ಎತ್ತಿಕೊಂಡು ನನ್ನ ಮಂಚಕ್ಕೆ ಬಂದಳು. ಎತ್ತಿಕೊಳ್ಳುವಾಗ ಸೂಜಿಯಿಂದ ದಾರ ಕಳಚಿಹೋಗಿತ್ತು.

"ಸೂಜ್ಯಾಗ ದಾರ ಹಾಕಿ ಕೊಡು. ನನಗ ಕಾಣವಲ್ದು."

ಅವಳ ಕಣ್ಣು ತುಂಬಿ ಹರಿಯುತ್ತಿತ್ತು. ನಾನು ದಾರ ಹಾಕಲು ಹೋದರೆ ನನಗೂ ಕಾಣಲಿಲ್ಲ. ಐದಾರು ಸಲ ತಪ್ಪಿ, ಎಂಜಲು ಹಚ್ಚಿ ಹೊಸೆದು ಹೇಗೋ ಹಾಕಿಕೊಟ್ಟೆ. ಅವಳು ಕೌದಿಯನ್ನು ಕಿಟಕಿಯ ಹತ್ತಿರ ಒಯ್ಯಲಿಲ್ಲ. ನನ್ನ ಎದೆಯ ಮೇಲಿದ್ದ ಕೂಸಿನ ಮೇಲೇ ಹರವಿದಳು. ಎಡಗೈಯನ್ನು ಕೌದಿಯ ಕೆಳಗೆ ತೂರಿಸಿ ಕೂಸಿನ ಬೆನ್ನಿನ ಮೇಲೆ ಕೈಯ ಹಿಂಬದಿ ಊರಿದಳು, ಅಂಗೈ ಮೇಲ್ಮುಖ, ಸೂಜಿ ಕೆಳಗಿಳಿದರೆ ಮೊದಲು ತನಗೆ ತಾಗಲಿ ಎಂದು. ಬಲಗೈಯಿಂದ ಹೊಲಿಯತೊಡಗಿದಳು. ನರ್ಸ್ ಬಂದು ಇದೇನು ಹುಚ್ಚು ಎಂದು ಗದರಿದಳು. ಅವ್ವ ತಲೆಯೆತ್ತಲಿಲ್ಲ. ಕೂಸಿನ ಬೆನ್ನು ಎದ್ದಾಗ ಅವಳ ಕೈ ಏಳುತ್ತಿತ್ತು, ಕೌದಿ ಏಳುತ್ತಿತ್ತು. ಇಳಿದಾಗ ಒಂದು ಹೊಲಿಗೆ ಹಾಕುವಳು. ಮತ್ತೆ ಕಾಯುವಳು. ಬೆನ್ನು ಏಳಲು ಕ್ಷಣ ತಡವಾದರೆ ಸೂಜಿ ಗಾಳಿಯಲ್ಲೇ ನಿಲ್ಲುತ್ತಿತ್ತು, ನಾವಿಬ್ಬರೂ ಉಸಿರು ಹಿಡಿಯುತ್ತಿದ್ದೆವು. ಎದ್ದಕೂಡಲೇ ಅವಳು ಮೆಲ್ಲಗೆ "ಐತಿ" ಅನ್ನುತ್ತಿದ್ದಳು. ಸೂಜಿ ಎಷ್ಟು ಸಲ ಅವಳ ಅಂಗೈಗೆ ಚುಚ್ಚಿತೋ, ಕೌದಿಯ ಒಳಮೈಯಲ್ಲಿ ರಕ್ತದ ಸಣ್ಣ ಕಲೆಗಳಾದವು. ಆ ಗೇಣು ಹೊಲಿದು ಮುಗಿಸಲು ಅವಳಿಗೆ ಸಂಜೆಯ ತನಕ ಬೇಕಾಯಿತು. ಹಲ್ಲಿನಿಂದ ದಾರ ಕಡಿದ ಮೇಲೂ ಕೈ ತೆಗೆಯಲಿಲ್ಲ.

ಇಪ್ಪತ್ತಾರನೇ ದಿನ ನಾವು ಮನೆಗೆ ಬಂದೆವು. ಮಗನಿಗೆ ಮೈಲಾರಲಿಂಗ ಎಂದು ಹೆಸರಿಟ್ಟೆವು, ಈಗ ಐದು ತುಂಬುತ್ತಾ ಬಂತು. ರಜೆಗೆ ಬ್ಯಾಡಗಿಗೆ ಹೋದರೆ ಮಧ್ಯಾಹ್ನ ಆಡಿ ದಣಿದು ಎಲ್ಲೆಂದರಲ್ಲಿ ನಿದ್ದೆ ಹೋಗುತ್ತಾನೆ. ಅವ್ವ ಏನೇ ಮಾಡುತ್ತಿರಲಿ, ಎದ್ದು ಬಂದು ಅವನ ಬೆನ್ನ ಮೇಲೆ ಕೈಯ ಹಿಂಬದಿ ಇಟ್ಟು ಕಾಯುತ್ತಾಳೆ. ನಾನು ಅಡುಗೆಮನೆಯಲ್ಲಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನಿಂತಿರುತ್ತೇನೆ, ಅವಳು "ಐತಿ" ಅನ್ನುವ ತನಕ.